ಅತ್ತೆಯ ಎಣ್ಣೆ, ನನ್ನ ಮೂಗು

ನನ್ನ ಮೂಗನ್ನು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಾವ ಮದುವೆಮನೆಗೆ ಹೋದರೂ ಯಾರಾದರೊಬ್ಬರು ಅತ್ತರು ಹಚ್ಚಿದ ಹತ್ತಿ ತಂದು ನನ್ನ ಮುಖದ ಮುಂದೆ ಹಿಡಿದು, "ಇದರಾಗ ಏನೇನ ಅದ, ಹೇಳ್ರಿ ನೋಡೂಣು" ಎಂದು ಪರೀಕ್ಷೆಗೆ ಕೂಡಿಸುತ್ತಾರೆ. ಹೇಳಿದರೆ, ಹುಟ್ಟುತ್ತಲೇ ಬಂದ ಗುಣ ಎಂದು ತಲೆಯಾಡಿಸುತ್ತಾರೆ. ಹುಟ್ಟುತ್ತ ನನಗೆ ಬಂದದ್ದು ಎಲ್ಲರಿಗೂ ಇರುವಂಥ ಒಂದು ಮೂಗು, ಅದೂ ಮಳೆಗಾಲ ಪೂರ್ತಿ ಸೋರುವಂಥದು. ಉಳಿದದ್ದನ್ನೆಲ್ಲ ಕೊಟ್ಟವರು ನನ್ನ ಅತ್ತೆ. ಮೊದಮೊದಲು ಅವರು ಕೊಟ್ಟದ್ದು ಪ್ರೀತಿಯಿಂದಲೂ ಅಲ್ಲ, ತಮ್ಮ ಗರಜಿಗೆ. ಹಾಗಿದ್ದರೂ ಅವರ ಋಣ ನನ್ನ ಮೇಲೆ ದೊಡ್ಡದು, ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಾವನವರು ಧಾರವಾಡ ಬಿಟ್ಟು ಬಂದು ಪುಣೆಯ ಸದಾಶಿವ ಪೇಠೆಯಲ್ಲಿ ಪೂಜಾ ಸಾಮಾನಿನ ಅಂಗಡಿ ಇಟ್ಟಿದ್ದರು. ಊದಿನಕಡ್ಡಿ, ಕರ್ಪೂರ, ಅಷ್ಟಗಂಧ ಎಲ್ಲ ಅಂಗಡಿಗಳಲ್ಲೂ ಸಿಗುತ್ತಿದ್ದವು. ನಮ್ಮ ಅಂಗಡಿಗೆ ಜನ ಬರುತ್ತಿದ್ದದ್ದು ಅತ್ತೆ ಮನೆಯಲ್ಲಿ ಮಾಡುತ್ತಿದ್ದ ಮಲ್ಲಿಗೆ ಎಣ್ಣೆಗಾಗಿ. ಮದುವೆಯ ಎಣ್ಣೆ-ಅರಿಷಿಣಕ್ಕೆ ಅದೇ, ದೇವರ ಅಭ್ಯಂಗಕ್ಕೆ ಅದೇ, ದೀಪಾವಳಿ ಹತ್ತಿರ ಬಂತೆಂದರೆ ಪಾತ್ರೆ ಹಿಡಿದುಕೊಂಡು ಜನ ಮನೆಯವರೆಗೂ ಬರುತ್ತಿದ್ದರು. ನಾವಿದ್ದ ವಾಡೆಯ, ಅಂದರೆ ಹತ್ತಾರು ಬಿಡಾರಗಳ ವಠಾರದ, ಮರಾಠಿ ಹೆಂಗಸರು ಅದಕ್ಕೆ 'ಕಾನಡೀ ತೇಲ' ಎಂದು ಹೆಸರಿಟ್ಟಿದ್ದರು. ಹೂವು ಪುಣೆಯದು, ಎಳ್ಳು ಪುಣೆಯ ಪೇಟೆಯದು, ಗಾಣವೂ ಪುಣೆಯದು. ಅದರಲ್ಲಿ ಕನ್ನಡದ್ದು ಎಂದರೆ ಅತ್ತೆಯ ಬೈಗುಳ ಒಂದೇ.

ಎಣ್ಣೆಗೆ ಹೂವು ಹಾಕಿ ಕುದಿಸುವವರು ಬೇರೆ. ಅತ್ತೆಯ ರೀತಿ ಹಾಗಲ್ಲ. ಸಿಪ್ಪೆ ತೆಗೆದ ಎಳ್ಳನ್ನು ಅಟ್ಟದ ಕೋಣೆಯಲ್ಲಿ ಬಿಳಿ ಚಾದರದ ಮೇಲೆ ಹರಡಿ, ಸಂಜೆ ಹೂವು ಮಾರುವ ಮಾಳೀಣ ತಂದ ಮಲ್ಲಿಗೆ ಮೊಗ್ಗನ್ನು ಅದರ ಮೇಲೆ ಪದರವಾಗಿ ಹಾಕಿ, ಮತ್ತೆ ಎಳ್ಳು, ಮತ್ತೆ ಹೂವು. ರಾತ್ರಿ ಹೂವು ಅರಳಿ ಕಂಪನ್ನು ಎಳ್ಳಿಗೆ ಕೊಡುತ್ತದೆ. ಬೆಳಿಗ್ಗೆ ಬಾಡಿದ ಹೂವನ್ನೆಲ್ಲ ಆರಿಸಿ ತೆಗೆಯಬೇಕು, ಸಂಜೆ ಹೊಸದು ಹಾಕಬೇಕು. ಹೀಗೆ ಎಳ್ಳಿಗೆ ಸಾಕೆನ್ನಿಸುವ ತನಕ. ಆಮೇಲೆ ಗಾಣಕ್ಕೆ. ಎಳ್ಳಿಗೆ ಸಾಕಾಯಿತೋ ಇಲ್ಲವೋ, ಹೂವು ಕಂಪು ಕೊಡುತ್ತಿದೆಯೋ ಕೊಳೆಯುತ್ತಿದೆಯೋ ಎಂಬುದನ್ನು ಹೇಳುವುದು ಮೂಗು ಮಾತ್ರ. ಆ ಕೋಣೆಯಲ್ಲಿ ಮೂಗು ಅತ್ತೆಯದು. ನನಗೆ ಹೂವು ಆರಿಸುವ ಕೆಲಸ. ಮೊದಲ ವರ್ಷ ಒಂದು ಹಿಡಿ ಎಳ್ಳನ್ನು ಮೂಸಲು ಹೋಗಿ, "ಯಾಕ, ಗಾಣ ತಿರಗಸ್ಲಿಕ್ಕೂ ನೀನ ಹೋಗ್ತಿ ಏನು?" ಎಂದು ಬೈಸಿಕೊಂಡಿದ್ದೆ. ಆಮೇಲೆ ಮೂಸಲು ಹೋಗಲಿಲ್ಲ.

ದೊಡ್ಡ ಯುದ್ಧ ಮುಗಿಯುತ್ತ ಬಂದಾಗ ಇನ್ಫ್ಲುಯೆಂಜಾ ಜ್ವರ ಬಂತು. ಬೆಳಗಾದರೆ ಯಾವುದಾದರೂ ವಾಡೆಯಿಂದ ಅಳು ಕೇಳಿಸುತ್ತಿತ್ತು. ನಮ್ಮಲ್ಲಿ ಹಾಸಿಗೆ ಹಿಡಿದವರು ಅತ್ತೆಯೊಬ್ಬರೇ. ದೇವರ ದಯೆಯಿಂದ ಎದ್ದು ಕೂತರು, ಗಂಜಿ ಕುಡಿದರು, ಗಂಜಿಗೆ ಉಪ್ಪಿಲ್ಲ ಎಂದು ನನ್ನನ್ನು ಬೈದರು. ಬೈಗುಳ ಕೇಳಿ ಮಾವನವರು ಇನ್ನು ಭಯವಿಲ್ಲ ಎಂದು ಅಂಗಡಿಗೆ ಹೋದರು.

ಅದಾಗಿ ಕೆಲವು ವಾರಗಳ ಮೇಲೆ ನಾನು ಅಂಗಳದ ಹೌದಿನ ತೊಟ್ಟಿಯಿಂದ ನೀರು ತರುತ್ತಿದ್ದೆ. ಮೆಟ್ಟಿಲು ಹತ್ತುತ್ತಿದ್ದಂತೆ ಅರಿವೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಓಡಿಹೋಗಿ ನೋಡಿದರೆ ಒಲೆಯಿಂದ ಕೆಂಡ ಸಿಡಿದು ಮಸಿಅರಿವೆ ಹೊಗೆಯಾಡುತ್ತಿದೆ. ಅದರ ಪಕ್ಕದಲ್ಲೇ, ಅದಕ್ಕೆ ಬೆನ್ನು ಮಾಡಿ, ಅತ್ತೆ ಆರಾಮಾಗಿ ಬದನೆಕಾಯಿ ಹೆಚ್ಚುತ್ತಿದ್ದಾರೆ. ಕೊಡದ ನೀರನ್ನೇ ಸುರುವಿದೆ. ಅತ್ತೆ ತಿರುಗಿ ಅರಿವೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರು ಬೈಯಲಿಲ್ಲ. ನನಗೆ ಭಯವಾದದ್ದು ಆಗ.

"ಅತ್ತಿ, ನಿಮಗ ವಾಸನಿ ಬರಲಿಲ್ಲೇನ್ರಿ?"

"ಜ್ವರ ಬಿಟ್ಟಾಗಿಂದ ಯಾವುದೂ ಬರೂದಿಲ್ಲ," ಎಂದರು. "ಯಾರ ಮುಂದೂ ಅನಬ್ಯಾಡ. ನಿನ್ನ ಗಂಡನ ಮುಂದೂ ಅನಬ್ಯಾಡ. ನಿನ್ನ ಮಾವಗ ತಿಳದ್ರ ನನ್ನ ಎಣ್ಣಿ ಅವತ್ತ ಮುಗೀತು."

ಅದು ಸುಳ್ಳು ಭಯವಾಗಿರಲಿಲ್ಲ. ಮುಂಬಯಿಯಿಂದ ಬಣ್ಣದ ಶೀಶೆಗಳಲ್ಲಿ ವಿಲಾಯತಿ ಸೆಂಟು ಬೆರೆಸಿದ ಎಣ್ಣೆ ಬರಲು ಶುರುವಾಗಿತ್ತು. ಮಾವನವರಿಗೆ ಅದರ ಮೇಲೆ ಕಣ್ಣು. ತರಿಸಿದರೆ ಆಯಿತು, ಮಾರಿದರೆ ಆಯಿತು. ಎಳ್ಳಿಲ್ಲ, ಹೂವಿಲ್ಲ, ಬೇಸಿಗೆಯ ರಾದ್ಧಾಂತವಿಲ್ಲ. ಇಂಥ ಮೂಗು ಮನೆಯಲ್ಲಿರುವಾಗ ಶೀಶೆ ಯಾಕೆ ಎಂಬ ಒಂದೇ ಮಾತು ಅವರನ್ನು ತಡೆದಿತ್ತು. ಮೂಗೇ ಹೋಯಿತೆಂದರೆ ಅಟ್ಟದ ಕೋಣೆಗೆ ಬೀಗ, ಅತ್ತೆಗೆ ಕೈಯಲ್ಲಿ ಜಪಮಾಲೆ. ಜಪಮಾಲೆ ಹಿಡಿದು ಕೂಡುವ ಜಾತಿಯ ಹೆಂಗಸಲ್ಲ ಅವರು.

ಚೈತ್ರ ಬಂತು, ಮಲ್ಲಿಗೆ ಬಂತು. ಅತ್ತೆ ಏನು ಮಾಡುತ್ತಾರೋ ಎಂದು ನನಗೆ ಊಟ ಸೇರುತ್ತಿರಲಿಲ್ಲ. ಮೊದಲ ಹೂವು ಹಾಕಿದ ಮರುದಿನ ಬೆಳಿಗ್ಗೆ ಮಾವನವರು ಅಂಗಡಿಗೆ ಹೊರಡುವ ಮೊದಲು ಅಟ್ಟಕ್ಕೆ ಬಂದು ನಿಂತಿದ್ದರು. ಅತ್ತೆ ಒಂದು ಹಿಡಿ ಎಳ್ಳು ತೆಗೆದು ನನ್ನ ಅಂಗೈಗೆ ಸುರುವಿ, ಕೆಳಗಿನ ಮನೆಗೂ ಕೇಳಿಸುವ ಹಾಗೆ, "ಎಷ್ಟಂತ ನಾನ ಮಾಡ್ಲಿ? ಇನ್ನ ನೀನೂ ಕಲೀಬೇಕು. ಮೂಸಿ ಹೇಳು, ಹೆಂಗದ?" ಎಂದರು.

"ಛಲೋ ಅದರಿ," ಎಂದೆ.

"ಛಲೋ ಅಂದ್ರ? ಹೋಳಗಿನೂ ಛಲೋ ಇರ್ತದ, ಅಳಿಯಾನೂ ಛಲೋ ಇರ್ತಾನ. ವಾಸನಿ ಹೆಂಗದ ಹೇಳು!"

ಮಾವನವರು ನಗುತ್ತ ಇಳಿದುಹೋದರು. ಹೆಂಡತಿ ಸೊಸೆಗೆ ಪಾಠ ಹೇಳುತ್ತಿದ್ದಾಳೆ ಎಂದು ಅವರ ಎಣಿಕೆ. ಅವರ ಹೆಜ್ಜೆಯ ಸಪ್ಪಳ ನಿಂತ ಕೂಡಲೇ ಅತ್ತೆಯ ದನಿ ಇಳಿಯಿತು. ನನ್ನ ಕೈ ಹಿಡಿದುಕೊಂಡು, "ಹೇಳವಾ, ಹಸೀದು ಅದನೋ, ಬಲತದನೋ? ಮೂಗಿನ ತುದಿಗೇ ನಿಲ್ಲತದನೋ, ಒಳಗ ಇಳೀತದನೋ?" ಎಂದು ಕೇಳಿದರು. ನಾನು ಕಣ್ಣು ಮುಚ್ಚಿ ಮೂಸಿದೆ. ವಾಸನೆಯನ್ನು ಹಾಗೆ ಕೇಳಬಹುದು ಎಂಬುದೇ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಹೀಗೆ ನನ್ನ ಶಾಲೆ ಶುರುವಾಯಿತು. ನನ್ನ ಮಾತಿನಲ್ಲಷ್ಟೇ ಅವರಿಗೆ ವಾಸನೆ ಸಿಗಬೇಕಾಗಿದ್ದರಿಂದ ಅವರು ನನಗೆ ಮಾತು ಕಲಿಸಿದರು. ಮುಗ್ಗು ಬೇರೆ, ಕಮಟು ಬೇರೆ, ಹಳಸಲು ಬೇರೆ. ಲಾವಂಚ ತಂಪು, ಕಚೋರ ಒಗರು, ಹಳೆಯ ಕರ್ಪೂರಕ್ಕೆ ಘಾಟು ಮೊದಲು, ಹೊಸದಕ್ಕೆ ಕೊನೆಗೆ. ಸಿಗದ ಕಡೆ ತಾವೇ ಮಾತು ಕಟ್ಟುತ್ತಿದ್ದರು. "ಇದು ಬೆಳಗಿನ ವಾಸನಿನೋ, ಮಧ್ಯಾಹ್ನದ್ದೋ?" ಎಂದು ಕೇಳುವರು, ನಾನು "ಹೊತ್ತು ಮುಳುಗೂದರಿ" ಎಂದರೆ "ಹಂಗಾರ ಇನ್ನೊಂದು ಸಲ ಹೂವು ಹಾಕೂಣು" ಎನ್ನುವರು. ಹೊರಗಿನವರು ಕೇಳಿದ್ದರೆ ಅತ್ತೆ-ಸೊಸೆ ಇಬ್ಬರಿಗೂ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನಾನು ಅವರನ್ನು ಖುಷಿಪಡಿಸಲು ಏನಾದರೂ ಸೇರಿಸಿ ಹೇಳಿದರೆ ತಕ್ಷಣ ಹಿಡಿಯುತ್ತಿದ್ದರು. ಹೇಗೆ ಹಿಡಿಯುತ್ತಿದ್ದರೋ ನನಗೆ ಈಗಲೂ ಬಗೆಹರಿದಿಲ್ಲ.

ಒಮ್ಮೊಮ್ಮೆ ನನಗೂ ಸಿಟ್ಟು ನೆತ್ತಿಗೇರುತ್ತಿತ್ತು. ಕಷ್ಟ ನನ್ನ ಮೂಗಿಗೆ, ಹೆಸರು ಅವರಿಗೆ. ವಾಡೆಯ ಹೆಂಗಸರು ಎಣ್ಣೆ ಒಯ್ಯುತ್ತ ಅತ್ತೆಯ ಮೂಗಿಗೆ ದೃಷ್ಟಿ ತೆಗೆಯಬೇಕು ಎಂದಾಗ ನಾನು ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ಆ ದಿನ ಊಟದಲ್ಲಿ ಅತ್ತೆ ನನ್ನ ಎಲೆಗೆ ತುಪ್ಪ ಎರಡು ಸಲ ಬಡಿಸುತ್ತಿದ್ದರು.

ಮೂರನೆಯದೋ ನಾಲ್ಕನೆಯದೋ ಬೇಸಿಗೆ ಇರಬೇಕು, ವೈಶಾಖದಲ್ಲೇ ಒಂದು ಸಂಜೆ ಗುಡುಗು ಮಳೆ ಸುರಿಯಿತು. ಮಾಳೀಣ ತಂದ ಹೂವು ಒದ್ದೆ. ಅರಿವೆಯಲ್ಲಿ ಒರೆಸಿ, ಗಾಳಿಗೆ ಆರಿಸಿ, ಒಣಗಿದೆ ಎಂದು ನಂಬಿ ಹಾಕಿದೆವು. ಬೆಳಿಗ್ಗೆ ಅಟ್ಟ ಹತ್ತಿದರೆ ಕೋಣೆ ತುಂಬ ಮಲ್ಲಿಗೆ ಘಮ. ಮಾವನವರೂ ಬಂದಿದ್ದರು, ಅಂದು ದೊಡ್ಡದೊಂದು ಮದುವೆಯ ಎಣ್ಣೆಗೆ ಮಾತು ಕೊಟ್ಟಿದ್ದರು. ಎಳ್ಳು ಅಂದೇ ಗಾಣಕ್ಕೆ ಹೋಗಬೇಕಿತ್ತು. ಒಂದು ಹಿಡಿ ತೆಗೆದುಕೊಂಡು ಮೂಸಿದೆ. ಮೇಲೆ ಘಮ ಸರಿಯಾಗಿಯೇ ಇತ್ತು. ಅದು ಇಳಿದ ಮೇಲೆ ಕೆಳಗಿನಿಂದ ಎಳೆಯಷ್ಟು ಹುಳಿ ಬಂತು. ಮತ್ತೆ ಮೂಸಿದೆ. ಹುಳಿಯೇ.

"ಒಳಗ ಹುಳಿ ಅದರಿ," ಎಂದೆ.

ಮಾವನವರು ತಾವೇ ಒಂದು ಹಿಡಿ ತೆಗೆದು ಮೂಸಿದರು. "ಏನ ಹುಳಿ? ಇಷ್ಟು ಛಂದ ಘಮಾಡಸ್ಲಿಕ್ಕತ್ತದ! ಆಕಿಗೆ ಏನ ತಿಳೀತದ? ನೀ ಮೂಸಿ ಹೇಳು," ಎಂದು ಅತ್ತೆಯ ಕೈಗೆ ಕೊಟ್ಟರು.

ಅತ್ತೆ ಎಳ್ಳನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನಿಂತರು. ಅವರಿಗೆ ಏನೂ ಬರುತ್ತಿಲ್ಲ ಎಂಬುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ. ಒಂದು ಕಡೆ ಗಂಡ, ಕೊಟ್ಟ ಮಾತು, ಇಡೀ ಬೇಸಿಗೆಯ ಎಳ್ಳು. ಇನ್ನೊಂದು ಕಡೆ ನಾನು ಹೇಳಿದ ಒಂದು ಮಾತು. ಹುಳಿ ಇಲ್ಲದೆ ಎಳ್ಳು ಚೆಲ್ಲಿದರೆ ಅವರ ಮೂಗಿನ ಗುಟ್ಟು ಅಂದೇ ಬಯಲು. ಹುಳಿ ಇದ್ದೂ ಗಾಣಕ್ಕೆ ಕಳಿಸಿದರೆ ಮದುವೆಮನೆಯಲ್ಲಿ ಬಯಲು. ಅವರು ನನ್ನ ಕಡೆ ನೋಡಲೂ ಇಲ್ಲ.

"ಹುಳಿ ಅದ," ಎಂದರು. "ಎಲ್ಲಾ ತಗದ ಹೊರಗ ಹಾಕಸ್ರಿ."

ಮಾವನವರು ಹಾಕಿಸಿದರು, ಅಂದು ಉಣ್ಣದೆ ಅಂಗಡಿಗೆ ಹೋದರು, ಮದುವೆಯವರ ಮುಂದೆ ತಲೆ ತಗ್ಗಿಸಿದರು. ಆದರೆ ಹಟಕ್ಕೆ ಬಿದ್ದು ಒಂದು ಡಬ್ಬಿಯಲ್ಲಿ ಅದೇ ಎಳ್ಳು ಮುಚ್ಚಿ ಅಂಗಡಿಯಲ್ಲಿ ಇಟ್ಟುಕೊಂಡಿದ್ದರಂತೆ. ಕೆಲವು ದಿನಗಳ ಮೇಲೆ ಮುಚ್ಚಳ ತೆಗೆದದ್ದೇ ತಡ, ಎದುರಿಗೆ ಕೂತ ಗಿರಾಕಿ ಮೂಗಿಗೆ ಪಂಚೆ ಹಿಡಿದನಂತೆ. ಇದನ್ನು ನಮಗೆ ಹೇಳಿದವರು ನನ್ನ ಗಂಡ. ಮಾವನವರು ಮುಂಬಯಿ ಶೀಶೆಯ ಮಾತನ್ನು ಮತ್ತೆ ಎತ್ತಲಿಲ್ಲ.

ನನ್ನ ತವರಿನಲ್ಲಿ ನನ್ನನ್ನು ಬಹಳ ಮುದ್ದಿನಿಂದ ಸಾಕಿದ್ದರು. ಆದರೂ ನಾನು ಹೇಳಿದೆನೆಂದು ಒಂದು ಸೇರು ಎಳ್ಳನ್ನು ಯಾರೂ ಚೆಲ್ಲುತ್ತಿರಲಿಲ್ಲ. ಎಳ್ಳು ಚೆಲ್ಲಿಸಿದ ಆ ದಿನ ಹೂವಿನ ಕಸ ಗುಡಿಸುತ್ತ ನಾನು ಅತ್ತುಬಿಟ್ಟೆ. ಅತ್ತೆ, "ಅಳೂದಾದ್ರ ಆಮ್ಯಾಲ ಅಳು, ಎಳ್ಳು ಹೊಸಾದು ತೊಳೀಬೇಕು" ಎಂದರು. ಆ ಮಾತಿಗೂ ನಾನು ಕೃತಜ್ಞಳಾಗಿದ್ದೇನೆ. ಅವರ ಮೂಗು ನೆಟ್ಟಗಿದ್ದಿದ್ದರೆ ನಾನು ಜೀವಮಾನವೆಲ್ಲ ಬಾಡಿದ ಹೂವು ಆರಿಸಿಕೊಂಡೇ ಇರುತ್ತಿದ್ದೆ.

ನನಗೆ ಮಕ್ಕಳಾಗುವುದು ತಡವಾಯಿತು. ಕಡೆಗೊಂದು ಹೆಣ್ಣು ಕೂಸು ಹುಟ್ಟಿ, ತವರಿನ ಬಾಣಂತನ ಮುಗಿಸಿ ಪುಣೆಗೆ ಬಂದೆ. ಕೂಸಿಗೆ ಎರೆಯುವ ಕೆಲಸವನ್ನು ಅತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ, ನೆತ್ತಿಗೆ ಎಣ್ಣೆ ಒತ್ತುತ್ತ ಹಾಡು ಗುನುಗುವರು. ನಾನು ಬಿಸಿನೀರು ಹೊಂದಿಸಿ ಕೊಡುತ್ತಿದ್ದೆ. ಒಂದು ದಿನ ಹಾಡು ನಡುವೆಯೇ ನಿಂತಿತು.

"ಏ, ಇಲ್ಲಿ ಬಾ," ಎಂದರು. "ಮೂಸಿ ಹೇಳು."

ಎಣ್ಣೆ ಕೆಟ್ಟಿತೇನೋ ಎಂದು ಬಟ್ಟಲಿಗೆ ಬಗ್ಗಿದೆ. ಅವರು ಬಟ್ಟಲನ್ನು ಬದಿಗೆ ಸರಿಸಿದರು.

"ಎಣ್ಣಿ ಅಲ್ಲ. ಕೂಸಿನ ನೆತ್ತಿ."

ಅವರ ಮೂಗು ಹೋದ ಮೇಲೆ ನಮ್ಮ ಮನೆಗೆ ಬಂದ ಮೊದಲ ಕೂಸು ಅದು. ದಿನಾ ಕಾಲ ಮೇಲೆ ಹಾಕಿಕೊಂಡು ಎರೆದರೂ ಅದರ ವಾಸನೆ ಅವರಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಇದು ನನಗೆ ಹೊಳೆದೇ ಇರಲಿಲ್ಲ. ನೆಲಕ್ಕೆ ಮೊಣಕಾಲೂರಿ ಮಗಳ ನೆತ್ತಿಗೆ ಮೂಗು ಹಚ್ಚಿದೆ.

"ಮ್ಯಾಲ ನಿಮ್ಮ ಎಣ್ಣಿ ಅದರಿ," ಎಂದೆ.

"ಅದು ಗೊತ್ತದ. ಅದರ ಕೆಳಗ?"

"ಹಾಲು. ಆರಿದ್ದು."

"ಅದರ ಕೆಳಗ?"

"ನಿನ್ನಿ ಲೋಬಾನದ ಹೊಗಿ, ಭಾಳ ಸಣ್ಣಗ."

"ಅದರ ಕೆಳಗ ಹೇಳು."

ಮತ್ತೆ ಮೂಸಿದೆ. ಇತ್ತು. ಬೆಚ್ಚಗಿತ್ತು. ಅವರು ಕಲಿಸಿದ ಮಾತುಗಳನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡಿದೆ. ಹಸಿಯಲ್ಲ, ಬಲಿತದ್ದಲ್ಲ, ತಂಪಲ್ಲ, ಒಗರಲ್ಲ, ಬೆಳಗಿನದಲ್ಲ, ಸಂಜೆಯದಲ್ಲ. ಯಾವುದೂ ಕೂಡಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಸೋತು ಕೂತೆ.

"ಅದರಿ ಅತ್ತಿ, ಆದ್ರ ಏನಂತ ಹೇಳಬೇಕು ತಿಳೀವಲ್ಲದು. ಅದಕ್ಕ ಹೆಸರ ಸಿಗವಲ್ಲದರಿ."

ಅತ್ತೆಯ ಮುಖ ಅರಳಿತು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅಂದೇ.

"ಅದ ನೋಡವಾ ಅದು," ಎಂದರು. "ನನ್ನ ಮಗಂದೂ ಹಂಗ ಇತ್ತು. ಆವಾಗ ನನ್ನ ಮೂಗು ನೆಟ್ಟಗಿತ್ತು, ಆದ್ರೂ ನನಗೂ ಹೆಸರ ಸಿಕ್ಕಿದ್ದಿಲ್ಲ."

ಹಾಗೆಂದು ಬಗ್ಗಿ ಕೂಸಿನ ನೆತ್ತಿಯ ಮೇಲೆ ಮೂಗಿಟ್ಟು ಕಣ್ಣು ಮುಚ್ಚಿದರು. ತಂಬಿಗೆಯಲ್ಲಿ ನೀರು ಆರುತ್ತಿತ್ತು. ಆರಿದರೆ ಮತ್ತೆ ಕಾಯಿಸಿದರಾಯಿತು ಎಂದು ನಾನು ತಂಬಿಗೆಯನ್ನು ದೂರ ಇಟ್ಟೆ.