ಮೂವತ್ತೊಂದು ಸಲ ಹೋದ ಪತ್ರ

ಬೆಳಗಿನ ಜಾವ ಐದಕ್ಕೆ ಹತ್ತು ನಿಮಿಷ. ಬೀದಿ ದೀಪಗಳಿಗೂ ಆಕಳಿಕೆ ಬರುವ ಹೊತ್ತು. ಅಡ್ಡರಸ್ತೆಯ ಕೊನೆಯ ಮನೆಯ ಮುಂಗೋಣೆಯಲ್ಲಿ ನಾನೂರು ಹಲ್ಲುಗಳು ನನ್ನನ್ನೇ ನೋಡಿ ನಗುತ್ತಿವೆ. ಉತ್ಪ್ರೇಕ್ಷೆ ಅನ್ನಬೇಡಿ, ಎಣಿಸಿದ್ದೇನೆ. ಅರವತ್ತರವರೆಗೆ ಎಣಿಸಿದೆ, ಮಿಕ್ಕಿದ್ದನ್ನು ಅನುಭವದ ಮೇಲೆ ಹೇಳುತ್ತಿದ್ದೇನೆ.

ಆ ಹಲ್ಲುಗಳ ನಡುವೆ, ಮೊಣಕೈವರೆಗೆ ಪ್ಲಾಸ್ಟರಿನ ಬಿಳಿ ಮೆತ್ತಿಕೊಂಡ ಒಬ್ಬ ಹೆಂಗಸು ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಪಕ್ಕದ ಪೆಟ್ಟಿಗೆ ದೂರವಾಣಿಯ ಅಂಕಿಗಳನ್ನು ತಾನೇ ತಿರುಗಿಸಿಕೊಂಡು, ಬಾಣಲೆಯೊಳಗೆ ಹನ್ನೆರಡು ಬೆಕ್ಕು ಕಚ್ಚಾಡಿದಂತೆ ಕಿರುಚುತ್ತದೆ. ಅದಕ್ಕೆ ಮೋಡೆಮ್ ಎಂದು ಹೆಸರು. ಆ ಕಿರುಚಾಟಕ್ಕೆ ಮೂರು ಬೀದಿಯಾಚೆಯ ನಾಯಿಗಳು ಎದ್ದು ಕೂತು ತಮ್ಮ ಜನ್ಮವನ್ನೇ ಶಪಿಸುತ್ತವೆ.

"ಮಾತಾಡ್ಬೇಡಿ," ಎಂದು ಆಕೆ ಕೈ ಎತ್ತುತ್ತಾರೆ. "ಉಸಿರೂ ಸ್ವಲ್ಪ ಮೆಲ್ಲಗೆ ಬಿಡಿ. ಹೋದ ತಿಂಗಳು ನಮ್ಮನೆಯವರು ಸೀನಿದ್ದಕ್ಕೇ ಲೈನ್ ಹೋಯ್ತು ಅಂತ ನನ್ನ ಅನುಮಾನ."

ಎಲೆಮರೆಯ ಕಾಯಿಗಳನ್ನು ಹುಡುಕುವುದರಲ್ಲಿ ನನ್ನನ್ನು ಮೀರಿಸುವ ಕಣ್ಣು ಪತ್ರಿಕಾಲೋಕದಲ್ಲಿ ಇನ್ನೊಂದಿಲ್ಲ. ಇದನ್ನು ನಾನೇ ಹೇಳಬೇಕಾಗಿ ಬಂದಿರುವುದು ಲೋಕದ ಕೃಪಣತನ. ಆದರೂ ಈ ಕಾಯಿ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಬೀಗ ಕೆಟ್ಟು, ಬೀಗದವರ ಅಂಗಡಿಗೆ ಹೋದಾಗ ಅವರು ಒಂದು ಚೀಟಿಯ ಮೇಲೆ ಈ ಮನೆಯ ವಿಳಾಸ ಬರೆದುಕೊಟ್ಟು, ಕೆಳಗೆ "ಇವರ ಬಗ್ಗೆ ಬರೆಯಿರಿ, ಬೀಗದ ಬಗ್ಗೆ ಆಮೇಲೆ" ಎಂದು ಸೇರಿಸಿದ್ದರು.

ಆಕೆಯ ಕಸುಬು ಹಲ್ಲಿನ ಸೆಟ್ಟು ಕಟ್ಟುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಈಕೆ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣ ಕೂರಿಸಿ, ಹಲ್ಲು ಜೋಡಿಸುತ್ತಾರೆ. ದಿನಕ್ಕೆ ಐದು ಸೆಟ್ಟು, ಭರಾಟೆಯ ದಿನ ಏಳು. ಊರಿನಲ್ಲಿ ಐವತ್ತು ದಾಟಿದವರು ಕಡಲೆ ಕಡಿಯುತ್ತಿದ್ದರೆ ಅದರ ಪುಣ್ಯದಲ್ಲಿ ಈಕೆಯದೇ ಸಿಂಹಪಾಲು. ಅದರ ಜೊತೆಗೆ, ಯಾರೂ ಸಂಬಳ ಕೊಡದ, ಯಾರೂ ಕೇಳದ ಇನ್ನೊಂದು ಉದ್ಯೋಗವೂ ಕುತ್ತಿಗೆಗೆ ಬಿದ್ದಿದೆ. ಅದೇ "ಜಗಲಿ".

ಜಗಲಿ ಎಂದರೆ ಈ ಮನೆಯ ಕಂಪ್ಯೂಟರಿನಲ್ಲಿರುವ ಒಂದು ಬುಲೆಟಿನ್ ಬೋರ್ಡ್. ಫೋನಿನ ತಂತಿಯ ಮೂಲಕ ನಿಮ್ಮ ಕಂಪ್ಯೂಟರಿನಿಂದ ಇದಕ್ಕೆ ಕರೆ ಮಾಡಬಹುದು, ಬೇರೆಯವರು ಬಿಟ್ಟುಹೋದ ಪತ್ರಗಳನ್ನು ಓದಬಹುದು, ನಿಮ್ಮದನ್ನೂ ಬಿಟ್ಟು ಹೋಗಬಹುದು. ಸದಸ್ಯರು ಅರವತ್ತೆರಡು. ಲೈನು ಒಂದೇ. ಒಬ್ಬರು ಒಳಗಿದ್ದರೆ ಅರವತ್ತೊಂದು ಜನ ಹೊರಗೆ ಹಲ್ಲು ಕಡಿಯುತ್ತಿರುತ್ತಾರೆ. ತಲೆಗೆ ಇಪ್ಪತ್ತು ನಿಮಿಷ.

ಇದನ್ನು ಶುರುಮಾಡಿದ್ದು ಆಕೆಯ ಮೈದುನ. ಎರಡು ವರ್ಷದ ಹಿಂದೆ ಅವನಿಗೆ ಬೇರೆ ಊರಿನ ಐಸ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ "ಅತ್ತಿಗೆ, ಸುಮ್ನೆ ಆನ್ ಮಾಡಿಟ್ಟಿರಿ, ಅದರಷ್ಟಕ್ಕೆ ಅದೇ ನಡೆಯುತ್ತೆ" ಎಂದನಂತೆ. ಅದರಷ್ಟಕ್ಕೆ ಅದೇ ನಡೆಯುವ ವಸ್ತು ಸೃಷ್ಟಿಯಲ್ಲಿ ಇದ್ದರೆ ಗಡಿಯಾರದ ಅಂಗಡಿಗಳೆಲ್ಲ ಬಾಗಿಲು ಹಾಕಬೇಕಿತ್ತು. ಅಂದಿನಿಂದ ಅರವತ್ತೆರಡು ಸದಸ್ಯರಿಗೂ ಈಕೆ ಅತ್ತಿಗೆ. ಎಪ್ಪತ್ತೈದರ ನಿವೃತ್ತ ನಕ್ಷೆಗಾರರೊಬ್ಬರೂ "ಅತ್ತಿಗೆ, ನನ್ನ ಪಾಸ್‌ವರ್ಡ್ ಮತ್ತೆ ಕಳೆದುಹೋಯ್ತು" ಎಂದು ಬರೆಯುತ್ತಾರೆ. ತಿಂಗಳಿಗೆ ನಾಲ್ಕು ಸಲ.

"ಕಳೆದುಹೋಗೋಕೆ ಅದೇನು ಛತ್ರಿನಾ?" ಎನ್ನುತ್ತಾರೆ ಅತ್ತಿಗೆ.

ಇಷ್ಟು ಸಾಲದೆ ಸದಸ್ಯರಿಗೆ ನ್ಯೂಸ್‌ಗ್ರೂಪ್ ಬೇಕಾಯಿತು. ಇದು ಲೋಕವ್ಯಾಪಿ ಜಗಲಿ. ವಿಷಯಕ್ಕೊಂದು ಗುಂಪು, ಜೇನು ಸಾಕುವವರದೊಂದು, ಹಳೆಯ ರೇಡಿಯೋದವರದೊಂದು, ಮೊಣಕಾಲು ನೋವಿನವರದೊಂದು. ಒಂದು ಕಡೆ ಹಾಕಿದ ಪತ್ರ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನಕಲಾಗುತ್ತ ಭೂಮಂಡಲ ಸುತ್ತುತ್ತದೆ. ದೂರದ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಒಬ್ಬಾತ, ಕೇವಲ ವಿಶ್ವಾಸದ ಮೇಲೆ, ಜಗಲಿಗೆ ಹನ್ನೊಂದು ಗುಂಪುಗಳ ಪತ್ರಗಳನ್ನು ಕೊಡಲು ಒಪ್ಪಿಕೊಂಡ. ಅತ್ತಿಗೆ ಅವನನ್ನು ಕಂಡಿಲ್ಲ. "ಹೆಬ್ಬಾಗಿಲಿನವರು" ಎಂದಷ್ಟೇ ಕರೆಯುತ್ತಾರೆ. ಅಲ್ಲಿಗೆ ಪತ್ರ ಕಳಿಸಿ, ಅಲ್ಲಿಂದ ತರುವ ಪ್ರೋಗ್ರಾಮನ್ನು ಮೈದುನ ಬರೆದು ಅಂಚೆಯಲ್ಲಿ ಕಳಿಸಿದ. "ಹಾಕೋದು ಐದು ನಿಮಿಷದ ಕೆಲಸ" ಎಂದು ಜೊತೆಗೊಂದು ಚೀಟಿ. ಆ ಐದು ನಿಮಿಷಕ್ಕೆ ಹನ್ನೊಂದು ವಾರ ಹಿಡಿಯಿತು.

"ಪ್ರತಿ ಸಲ ಫೋನ್ ಮಾಡಿ ಹೀಗಾಗ್ತಿದೆ ಕಣೋ ಅಂದ್ರೆ, 'ಹಾಗಾಗ್ಬಾರ್ದಲ್ಲ ಅತ್ತಿಗೆ' ಅಂತಾನೆ. ಆಗ್ಬಾರ್ದು ಅಂತ ನಂಗೂ ಗೊತ್ತು! ಹಲ್ಲು ಕೂತ್ಕೊಳ್ತಿಲ್ಲ ಅಂತ ಬಂದವರಿಗೆ ನಾನು 'ಕೂತ್ಕೋಬೇಕಲ್ಲ' ಅಂತ ಹೇಳಿ ಕಳಿಸಿದ್ರೆ ಕಪಾಳಕ್ಕೆ ಬಾರಿಸ್ತಾರೆ."

ಹನ್ನೆರಡನೇ ವಾರ ಅದು ಕೆಲಸ ಮಾಡಿತು. ಕೆಲಸ ಮಾಡಿದ್ದೇ ತಪ್ಪಾಯಿತು.

ನನಗೆ ಚೀಟಿ ಕೊಟ್ಟ ಬೀಗದವರನ್ನು ಜಗಲಿಯಲ್ಲಿ "ವಾಗ್ಮಿ" ಎಂದು ಕರೆಯುತ್ತಾರೆ. ಅಲ್ಲಿ ಅವರಷ್ಟು ಬರೆಯುವವರಿಲ್ಲ, ಅವರಷ್ಟು ನಗಿಸುವವರಿಲ್ಲ. ಅವರಿಗೆ ತೊದಲು ಇದೆಯೆಂಬುದು, ಅಂಗಡಿಯಲ್ಲಿ ಗಿರಾಕಿಗಳಿಗೆ ಚೀಟಿ ಬರೆದು ಉತ್ತರ ಕೊಡುತ್ತಾರೆಂಬುದು ಅತ್ತಿಗೆಯೊಬ್ಬರನ್ನು ಬಿಟ್ಟರೆ ಜಗಲಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಸುಬು ಕಲಿಸುವ ಶಾಲೆಯೊಂದು ಬೀಗದ ಕೆಲಸ ಹೇಳಿಕೊಡಲು ಅವರನ್ನು ಸಂದರ್ಶನಕ್ಕೆ ಕರೆದಿದೆ. ಬರುವ ಸೋಮವಾರ, ಐದು ಜನರ ಮುಂದೆ, ಹತ್ತು ನಿಮಿಷ ಬಾಯಿಬಿಟ್ಟು ಮಾತಾಡಬೇಕು. ತೊದಲುವವರದೂ ಒಂದು ನ್ಯೂಸ್‌ಗ್ರೂಪ್ ಇದೆಯೆಂದು ತಿಳಿದು, ಐವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಅವರು ಲೋಕಕ್ಕೆ ತಮ್ಮ ವಿಷಯ ಬರೆದರು: ಮೊದಲ ಮಾತೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ನೀವೆಲ್ಲ ಏನು ಮಾಡುತ್ತೀರಿ?

ಆ ಪತ್ರ ಜಗತ್ತಿಗೆ ಮೂವತ್ತೊಂದು ಸಲ ಹೋಯಿತು.

ಕಾರಣ ಒಳಕೋಣೆಯಲ್ಲಿದ್ದಾರೆ. ಅತ್ತಿಗೆಯ ಅತ್ತೆ. ಅದೇ ಲೈನಿನ ಇನ್ನೊಂದು ಫೋನು ಅವರ ಮಂಚದ ಪಕ್ಕದಲ್ಲಿದೆ. ತಂಗಿ ಕೆಲಸಕ್ಕೆ ಹೊರಡುವ ಮುಂಚೆ ಅವಳ ಜೊತೆ ಜಗಳವಾಡದಿದ್ದರೆ ಅವರಿಗೆ ಬೆಳಗಾಗುವುದಿಲ್ಲ. ಹಾಗಾಗಿ ಐದರಿಂದಲೇ "ಲೈನ್ ಬಿಟ್ಟಿದೆಯಾ" ಎಂದು ರಿಸೀವರ್ ಎತ್ತಿ ನೋಡುತ್ತಿದ್ದರು. ಎತ್ತಿದಾಗಲೆಲ್ಲ, ಪತ್ರ ಆಚೆ ಸೇರಿದ್ದರೂ 'ಮುಟ್ಟಿತು' ಎಂಬ ಉತ್ತರ ಬರುವ ಮೊದಲೇ ಸಂಪರ್ಕ ಮುರಿಯುತ್ತಿತ್ತು. ಪ್ರೋಗ್ರಾಮು ಪತ್ರ ಹೋಗಲೇ ಇಲ್ಲವೆಂದುಕೊಂಡು, ಮತ್ತೆ ಡಯಲ್ ಮಾಡಿ, ಅದನ್ನೇ ಮತ್ತೆ ಕಳಿಸುತ್ತಿತ್ತು. ಮೂರು ಬೆಳಗು, ಮೂವತ್ತು ಸಲ ಎತ್ತಿದರು. ಪಕ್ಕದಲ್ಲೇ ಪ್ಲಾಸ್ಟರ್ ಕಲೆಸುತ್ತಿದ್ದ ಅತ್ತಿಗೆ "ಇವತ್ತು ಬೆಕ್ಕುಗಳು ಜಾಸ್ತಿ ಕಿರುಚ್ತಿವೆ" ಎಂದುಕೊಂಡು ಸುಮ್ಮನಿದ್ದರು.

ಜಗತ್ತು ಬೈಯಿತು. ಆರು ಖಂಡಗಳಿಂದ ಬೈಗುಳ ಬಂತು. ಏಳನೆಯದರಲ್ಲಿ ಹಿಮಕರಡಿಗಳಿದ್ದಿದ್ದರೆ ಅವೂ ಬೈಯುತ್ತಿದ್ದವು. ಒಬ್ಬ ಕಿಡಿಗೇಡಿ "ಈತನ ಕಂಪ್ಯೂಟರೂ ತೊದಲುತ್ತದೆ" ಎಂದು ಬರೆದ. ಅದನ್ನೋದಿದ ಬೀಗದವರು ಜಗಲಿಗೆ ಒಂಬತ್ತು ದಿನ ಬರಲಿಲ್ಲ. ಹೆಬ್ಬಾಗಿಲಿನವರು ಬರುವ ಪತ್ರಗಳನ್ನೆಲ್ಲ ತಡೆಹಿಡಿದು ಒಂದು ಸಾಲು ಕಳಿಸಿದರು: ಶುಕ್ರವಾರದೊಳಗೆ ಸರಿಮಾಡಿ ತೋರಿಸಿ, ಇನ್ನೊಮ್ಮೆ ಎರಡು ಪ್ರತಿ ಬಂದರೆ ಬಾಗಿಲು ಶಾಶ್ವತವಾಗಿ ಬಂದ್. ಬೀಗದವರಿಗೆ ಯಾರಾದರೂ ನಿಜವಾದ ಉತ್ತರ ಬರೆದಿದ್ದರೆ ಅದೂ ಆ ಬಾಗಿಲಿನ ಆಚೆಗೇ ಉಳಿಯಿತು.

ನಾನು ಹೋಗಿರುವುದು ಆ ಶುಕ್ರವಾರ.

"ತಪ್ಪು ಎಲ್ಲಿದೆ ಅಂತ ಹೇಗೆ ಸಿಕ್ತು?" ಎನ್ನುತ್ತೇನೆ.

ಅತ್ತಿಗೆ ಕಪಾಟಿನಿಂದ ಒಂದೇ ಅಳತೆಯ ಎರಡು ಕೆಳದವಡೆ ತೆಗೆದು ಮೇಜಿನ ಮೇಲಿಡುತ್ತಾರೆ. "ಇಲ್ಲಿ. ಮಂಗಳವಾರ ಇದೇ ತಲೆಬಿಸೀಲಿ ಒಂದೇ ಅಚ್ಚಿಗೆ ಎರಡು ಸಲ ಪ್ಲಾಸ್ಟರ್ ಸುರಿದು, ಒಬ್ಬರದೇ ಬಾಯಿಗೆ ಎರಡು ಸೆಟ್ ಕಟ್ಟಿಬಿಟ್ಟೆ. ಯಾಕೆ? ಪ್ಲಾಸ್ಟರ್ ಹಸಿ ಇರೋವಾಗ ಪೇಷೆಂಟ್ ನಂಬರ್ ಕೊರೀಬೇಕು. ಕೊರೀಲಿಲ್ಲ. ಆಮೇಲೆ ಡಬ್ಬಿಗೆ ಹಾಕೋವಾಗ ಬರೆದ್ರಾಯ್ತು ಅಂದ್ಕೊಂಡೆ. ಡಬ್ಬಿಗೆ ಹಾಕೋವಾಗ ಬರೆದ್ರೆ ಎರಡು ಡಬ್ಬಿಗೆ ಎರಡು ನಂಬರ್ ಆಗುತ್ತೆ ತಾನೆ? ನನ್ನ ಮೈದುನನೂ ಅದನ್ನೇ ಮಾಡಿದ್ದ, ಮುಠ್ಠಾಳ!"

ಅಂದರೆ ಸಂಗತಿ ಇಷ್ಟು. ನ್ಯೂಸ್‌ಗ್ರೂಪಿನ ಪ್ರತಿ ಪತ್ರಕ್ಕೂ ಒಂದು ನಂಬರಿರುತ್ತದೆ. ಒಂದೇ ನಂಬರಿನದು ಎರಡನೇ ಸಲ ಬಂದರೆ ಹೆಬ್ಬಾಗಿಲು ಅದನ್ನು ತಾನೇ ಬಿಸಾಡುತ್ತದೆ. ಮೈದುನನ ಪ್ರೋಗ್ರಾಮು ಪತ್ರ ಹೊರಡುವ ಗಳಿಗೆಯಲ್ಲಿ ನಂಬರು ಹಾಕುತ್ತಿತ್ತು. ಹಾಗಾಗಿ ಹೊರಟಾಗಲೆಲ್ಲ ಹೊಸ ನಂಬರು, ಜಗತ್ತಿನ ಕಣ್ಣಿಗೆ ಹೊಸ ಪತ್ರ. ಅತ್ತಿಗೆ ಎರಡು ದಿನ ಕೂತು, ಪತ್ರ ಬರೆದು ಮುಗಿಸಿದ ಕ್ಷಣದಲ್ಲೇ ನಂಬರು ಬೀಳುವಂತೆ ತಿದ್ದಿದ್ದಾರೆ. ಲೋಕದ ಮಹಾ ಮಹಾ ಪಂಡಿತರಿಗೆ ಹೊಳೆಯದ್ದು ಒಂದು ಕೆಳದವಡೆಯಿಂದ ಹೊಳೆಯಿತು ಎಂದು ನಾನು ಎಲ್ಲಿ ಬೇಕಾದರೂ ಹೇಳಲು ಸಿದ್ಧ. ಪಂಡಿತರನ್ನು ಯಾರೂ ಕೇಳಿರಲಿಲ್ಲ ಎಂಬುದು ಬೇರೆ ಮಾತು.

ಇವತ್ತಿನ ಪರೀಕ್ಷೆಗೆ ಹೋಗುತ್ತಿರುವುದೂ ಬೀಗದವರದೇ ಹೊಸ ಪತ್ರ. ನಿನ್ನೆ ಅವರೇ ಬಂದು ನಿಂತು, "ನ... ನನ್ನದೇ ಹೋಗ್ಲಿ. ಇ... ಇನ್ನೊಬ್ಬರಿಗೆ ಹಾಗಾಗೋದು ಬೇಡ" ಎಂದರಂತೆ. ಪತ್ರ ಸೇರಿ 'ಮುಟ್ಟಿತು' ಬರುವ ಮೊದಲೇ ಸಂಪರ್ಕ ಮುರಿಯಬೇಕು, ಮತ್ತೆ ಹೋಗಬೇಕು, ಆದರೂ ಅಲ್ಲಿ ಒಂದೇ ಉಳಿಯಬೇಕು. ಮುರಿಯಲು ಲೋಕಪ್ರಸಿದ್ಧ ಹಸ್ತವೊಂದು ಮನೆಯಲ್ಲೇ ಇದೆ.

"ಅತ್ತೆ," ಎಂದು ಅತ್ತಿಗೆ ಕೂಗುತ್ತಾರೆ. "ಫೋನ್ ಎತ್ತಿ!"

"ಎತ್ತಲ್ಲ," ಎಂದು ಒಳಗಿನಿಂದ ಉತ್ತರ.

"ಒಂದ್ಸಲ ಎತ್ತಿ ಅತ್ತೆ, ಪರೀಕ್ಷೆಗೆ."

"ನಾನ್ಯಾಕೆ ಎತ್ಲಿ? 'ಇನ್ಮೇಲೆ ಆರು ಗಂಟೆವರೆಗೂ ಅದನ್ನ ಮುಟ್ಟಬೇಡಿ' ಅಂತ ಯಾರು ಹೇಳಿದ್ದು? ಬಂದವರ ಮುಂದೆ ಹೇಳು. ನನ್ನ ತಂಗಿ ಜೊತೆ ಮಾತು ಬಿಟ್ಟು ಒಂಬತ್ತು ದಿನ ಆಯ್ತು. ಅವಳು ನಾನು ಸತ್ತೇ ಹೋಗಿದೀನಿ ಅಂದ್ಕೊಂಡು ನೆಮ್ಮದಿಯಾಗಿದಾಳೆ."

ಪರದೆಯ ಮೇಲೆ ಅಂಕಿಗಳು ಏರುತ್ತಿವೆ. ಪತ್ರ ಹೋಗಿ ಮುಗಿಯುತ್ತ ಬಂದಿದೆ. ಅತ್ತಿಗೆ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ, ಕೂದಲಿಗೆಲ್ಲ ಪ್ಲಾಸ್ಟರ್.

"ನೋಡಿದ್ರಾ? ಬೇಡ ಅಂದಾಗ ಮೂವತ್ತು ಸಲ, ಬೇಕು ಅಂದಾಗ ಒಂದ್ಸಲ ಇಲ್ಲ!"

"ತಂತಿ ಕಿತ್ತುಬಿಡೋಣ," ಎನ್ನುತ್ತೇನೆ ನಾನು, ಯಂತ್ರಶಾಸ್ತ್ರವನ್ನು ಅರೆದು ಕುಡಿದವನಂತೆ.

"ತಂತಿ ಕಿತ್ರೆ ಅದು ಬೇರೆ ಥರ ಮುರಿಯುತ್ತೆ ರೀ. ಕೆಟ್ಟಿದ್ದು ಹೇಗೋ ಹಾಗೇ ಕೆಡಿಸಿ ನೋಡ್ಬೇಕು." ಮತ್ತೆ ಒಳಗೆ ತಿರುಗಿ, ದನಿ ಇಳಿಸಿ, "ಅತ್ತೆ, ಇದು ಬೀಗದವರ ಕಾಗದ."

ಒಳಗೆ ಮಂಚ ಕಿರ್ರೆನ್ನುತ್ತದೆ.

"ಮೊದಲೇ ಹೇಳೋಕೇನು ಧಾಡಿ?" ಎನ್ನುತ್ತ ಅತ್ತೆ ರಿಸೀವರ್ ಎತ್ತುತ್ತಾರೆ. ಎತ್ತಿದ್ದಷ್ಟೇ ಅಲ್ಲ, ಆ ಕರ್ಕಶ ಕಿರುಚಾಟದೊಳಕ್ಕೆ ಗಟ್ಟಿಯಾಗಿ, "ಹಲೋ! ಯಾರಪ್ಪಾ ಅಲ್ಲಿ? ಪಾಪ, ಆ ಮನುಷ್ಯನಿಗೆ ಬೇಗ ಉತ್ತರ ಕೊಡ್ರಪ್ಪಾ!" ಎಂದು ಅಪ್ಪಣೆ ಮಾಡುತ್ತಾರೆ.

ಪರದೆಯ ತುಂಬ ಕಸ ಚೆಲ್ಲಿದಂತೆ ಅಕ್ಷರಗಳು. ಲೈನು ಸತ್ತಿತು. ಅತ್ತೆ ರಿಸೀವರ್ ಇಡುತ್ತಾರೆ. ಮೋಡೆಮ್ ಮತ್ತೆ ಡಯಲ್ ಮಾಡುತ್ತದೆ, ಮತ್ತೆ ಕಿರುಚುತ್ತದೆ, ಅದೇ ಪತ್ರ ಎರಡನೇ ಸಲ ಹೊರಡುತ್ತದೆ. ಯುದ್ಧಭೂಮಿಗಳ ವರದಿ ಮಾಡಿದವರು ನನಗೆ ಗೊತ್ತು. ಅವರಲ್ಲಿ ಒಬ್ಬರೂ ಇಂಥ ಏಳು ನಿಮಿಷಗಳನ್ನು ಕಂಡಿರಲಾರರು.

ಹೆಬ್ಬಾಗಿಲಿನವರ ಉತ್ತರ ಮರುದಿನ ಬೆಳಗಿನ ಸಂಪರ್ಕದಲ್ಲೇ ಬರಬೇಕು. ನಾನೂ ಮರುದಿನ ಹೋಗುತ್ತೇನೆ. ನನಗಿಂತ ಮುಂಚೆ ಬೀಗದವರು ಬಂದು, ಒಗೆದ ಅಂಗಿ ತೊಟ್ಟು, ಮುರುಕು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಾರೆ. ಐದು ಗಂಟೆ ಹದಿನೆಂಟು ನಿಮಿಷಕ್ಕೆ ಹೆಬ್ಬಾಗಿಲಿನವರ ಸಾಲು ಪರದೆಗೆ ಬರುತ್ತದೆ: "ಎರಡು ಬಂತು. ಒಂದನ್ನು ಬಾಗಿಲೇ ಬಿಸಾಡಿತು. ತಡೆದಿಟ್ಟದ್ದನ್ನೆಲ್ಲ ಬಿಡುತ್ತಿದ್ದೇನೆ."

ಅದರ ಹಿಂದೆಯೇ ಮೂಟೆ ಉರುಳುತ್ತದೆ. ನಲವತ್ತು ಬೈಗುಳ. ಅವುಗಳ ನಡುವೆ, ಜೊಳ್ಳಿನಲ್ಲಿ ಬೆರೆತ ಕಾಳಿನಂತೆ, ಹದಿನಾಲ್ಕು ಉತ್ತರ. ಅತ್ತಿಗೆ ಬೈಗುಳಗಳನ್ನು ಅಳಿಸಿ, ಕುರ್ಚಿ ಬಿಟ್ಟುಕೊಟ್ಟು, ತಮ್ಮ ಪ್ಲಾಸ್ಟರಿನ ಬೋಗುಣಿಯತ್ತ ತಿರುಗುತ್ತಾರೆ.

ಎಲ್ಲೋ ದೋಣಿಯ ಟಿಕೆಟ್ ಹರಿಯುವ ಒಬ್ಬರು ಬರೆದಿದ್ದಾರೆ: ಮುಚ್ಚಿಡಬೇಡಿ. ಒಳಗೆ ಹೋದಕೂಡಲೇ ನೀವೇ ಹೇಳಿಬಿಡಿ, ಆಮೇಲೆ ಅದು ನಿಮ್ಮನ್ನು ಹಿಡಿಯುವುದು ಕಡಿಮೆ. ಬೀಗದವರು ಅದನ್ನು ಎರಡು ಸಲ ಓದುತ್ತಾರೆ. ಆಮೇಲೆ ಗೋಡೆಯನ್ನೇ ಐದು ಜನರೆಂದು ಭಾವಿಸಿ ಬಾಯಿ ತೆರೆಯುತ್ತಾರೆ.

"ನ... ನಮಸ್ಕಾರ. ನಾನು ತೊ... ತೊದಲ್ತೀನಿ. ಸ್ವಲ್ಪ ಕಾ... ಕಾಯ್ಬೇಕು ನೀವು."

"ಕಾಯ್ತೀವಪ್ಪಾ," ಎನ್ನುತ್ತಾರೆ ಒಳಗಿನಿಂದ ಅತ್ತೆ. "ನಮಗೇನು ರೈಲು ತಪ್ಪಿಹೋಗುತ್ತಾ?"

ಬೀಗದವರು ನಗುತ್ತಾರೆ. ನಗುವಿಗೆ ತೊದಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಅತ್ತಿಗೆ ಬೆನ್ನು ತಿರುಗಿಸಿಯೇ ಕೇಳಿಸಿಕೊಳ್ಳುತ್ತಾರೆ, ಒಂದು ಅಕ್ಷರವನ್ನೂ ಅವರ ಬದಲು ತಾವು ಮುಗಿಸುವುದಿಲ್ಲ.

ನಾನು ನನ್ನ ಪುಸ್ತಕ ತೆರೆದು, ಲೋಕಕ್ಕೆ ನಿಮ್ಮ ಬಗ್ಗೆ ಏನು ಹೇಳಲಿ, ಅದ್ಭುತ ಎನ್ನಲೇ, ಅಪ್ರತಿಮ ಎನ್ನಲೇ ಎಂದು ಕೇಳುತ್ತೇನೆ. ಅತ್ತಿಗೆ ಹಸಿ ಪ್ಲಾಸ್ಟರಿನ ಮೇಲೆ ಮೊಳೆಯಿಂದ ನಂಬರು ಕೊರೆಯುತ್ತಿದ್ದಾರೆ, ತಲೆ ಎತ್ತುವುದಿಲ್ಲ.

"ಅದೆಲ್ಲ ಬೇಡ ರೀ. ಒಂದ್ಸಲ ಹಾಕಿದ ಕಾಗದ ಒಂದೇ ಸಲ ತಲುಪ್ತು. ಅಷ್ಟೇ ನನ್ನ ಕೆಲಸ. ಬರ್ಕೊಳೋದಾದ್ರೆ ಅಷ್ಟನ್ನೇ ಬರ್ಕೊಳ್ಳಿ."