ಮೂರನೇ ಹಾಡಿನ ನಡುವೆ ರಾಜಿ

ಸೈಬರ್ ಕೆಫೆಯಲ್ಲಿ ಕೂತು ಬರೆಯುತ್ತಿದ್ದೇನೆ ಗೆಳೆಯರೇ. ಕಿವಿಗಡಚಿಕ್ಕುವ ರಾಕ್ ಹಾಡುವ ನಮ್ಮ ಹಾರ್ಡ್‌ಕೋರ್ ಪಂಕ್ ಬ್ಯಾಂಡ್ ಊರೂರು ಸುತ್ತಿದರೂ ಇವತ್ತಿನವರೆಗೆ ಒಂದೇ ಒಂದು ಜಗಳ ಆಗಿರಲಿಲ್ಲ.

ಮಧ್ಯಾಹ್ನ ಹುಬ್ಬಳ್ಳಿಯ ಗೋಕುಲ ರಸ್ತೆಯ ಸಭಾಭವನವೊಂದರಲ್ಲಿ ಮೂರನೇ ಹಾಡು ಹಾಡುತ್ತಿದ್ದೆ. ಮುಂದೆ ಹುಡುಗರು ಎಂದಿನಂತೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಕುಣಿಯುತ್ತಿದ್ದರು. ಬಿದ್ದವನನ್ನು ಬೀಳಿಸಿದವನೇ ಎತ್ತಿ ನಿಲ್ಲಿಸಬೇಕು, ನಮ್ಮಲ್ಲಿ ಅದೇ ಪದ್ಧತಿ. ಅಷ್ಟರಲ್ಲಿ ಭವನ ನೋಡಿಕೊಳ್ಳುವ ಕಾಕಾ, ಹಳೆಯ ಕುಸ್ತಿಪಟು, ನಡುವೆ ನುಗ್ಗಿ ಇಬ್ಬರ ಕಾಲರ್ ಹಿಡಿದರು. ಹಾಡು ನಿಂತಿತು.

“ಮದ್ಲ ಕೈ ಮಾಡಿದಾಂವ ಯಾಂವ? ಖರೇ ಹೇಳ್ರಲೇ!”

“ಜಗಳ ಅಲ್ರಿ ಕಾಕಾ, ಕುಣ್ಯಾಕತ್ತೇವ್ರಿ,” ಎಂದ ಆ ಇಬ್ಬರಲ್ಲೊಬ್ಬ, ನವನಗರದ ಹುಡುಗ. ಅವನ ಮೂಗಿನಿಂದ ರಕ್ತ ಇಳಿಯುತ್ತಿತ್ತು.

“ಮೂಗು ಒಡದೈತಿ, ಕುಣ್ಯಾಕತ್ತೇವಿ ಅಂತೀಯಲ್ಲೋ! ತಪ್ಪು ಮಾಡಿದಾಂವ ತಪ್ಪಾತು ಅನ್ಲಿ. ಅಲ್ಲೀತನಕಾ ಯಾರೂ ಹೊರಗ ಹೋಗಂಗಿಲ್ಲ.”

ಬಾಗಿಲಿಗೆ ಚಿಲಕ ಬಿತ್ತು. ಒಬ್ಬರಿಗೊಬ್ಬರು ಗುರುತೇ ಇಲ್ಲದ ಆ ಇಬ್ಬರು ಮುಖ ಮುಖ ನೋಡಿಕೊಂಡರು.

“ನೀನ ಅಂದ್ಬಿಡಪಾ, ಮೊಣಕೈ ನಿಂದ ಬಡದದ್ದು,” ಎಂದ ನವನಗರದವನು.

“ನಾ ಯಾಕ ಅನ್ಲಿ? ನೀನ ಬಂದು ಮೈಮ್ಯಾಲೆ ಬಿದ್ದಿ,” ಎಂದ ಇನ್ನೊಬ್ಬ.

“ಏನಂದಿ?”

ಆಮೇಲೆ ಆದದ್ದು ನಿಜವಾದ ಹೊಡೆದಾಟ. ಅವರ ಗೆಳೆಯರೂ ಸೇರಿಕೊಂಡರು. ಬಿಡಿಸಲು ಹೋದ ನಮ್ಮ ಡ್ರಮ್ಮರನ ಅಂಗಿ ಹರಿಯಿತು. ಈ ಸಲ ಬಿದ್ದವರನ್ನು ಯಾರೂ ಎತ್ತಲಿಲ್ಲ.

ಕಾಕಾ ನನ್ನತ್ತ ತಿರುಗಿ ಗೆದ್ದವರಂತೆ ಹೇಳಿದರು: “ನಾ ಅವಾಗ್ಲೇ ಹೇಳಿದ್ದಿಲ್ಲೇನ್ರಿ, ಇದು ಜಗಳನ ಅಂತ?”

ನಾಳೆ ದಾವಣಗೆರೆಯಲ್ಲಿ ಹಾಡುತ್ತೇವೆ. ಗುದ್ದಾಡುವವರು ಧಾರಾಳವಾಗಿ ಬನ್ನಿ, ರಾಜಿ ಮಾಡಿಸುವವರು ದಯವಿಟ್ಟು ಮನೆಯಲ್ಲೇ ಇರಿ.