ಅಕ್ಕನ ಎರಡೆಳೆ ಸರ

ಅಕ್ಕನ ಕುತ್ತಿಗೆಯ ಸುತ್ತ ಒಂದು ಕಪ್ಪು ಗೆರೆ ಇತ್ತು. ಹಗ್ಗ ಕಟ್ಟಿದ ದನದ ಕುತ್ತಿಗೆಯಲ್ಲಿ ರೋಮ ಸವೆದು ಆಗುತ್ತದಲ್ಲ, ಹಾಗೆ. ಎರಡೆಳೆ ಚಿನ್ನದ ಸರ ಉಜ್ಜಿ ಉಜ್ಜಿ ಮಾಡಿದ ಗೆರೆ ಅದು. ನಾನು ಮದುವೆಯಾಗಿ ವಾಮದಪದವಿನ ಆ ಮನೆಗೆ ಬಂದ ದಿನ ಸರಿಯಾಗಿ ನೋಡಿದ್ದು ಗಂಡನ ಮುಖವನ್ನಲ್ಲ, ಆ ಸರವನ್ನು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಗಂಡನ ಅಣ್ಣನ ಹೆಂಡತಿ. ಎದುರಿಗೆ ‘ನೀವು’ ಅನ್ನುತ್ತಿದ್ದೆ, ಮನಸ್ಸಿನಲ್ಲಿ ‘ಅವಳು’. ಇಲ್ಲಿ ಮನಸ್ಸಿನಲ್ಲಿ ಇದ್ದ ಹಾಗೆಯೇ ಬರೆಯುತ್ತೇನೆ.

ಅವಳು ಬೆಳುವಾಯಿಯವಳು. ತವರಿನಲ್ಲಿ ಸ್ವಂತ ಗದ್ದೆ ಇತ್ತು, ನಾಲ್ಕನೇ ಕ್ಲಾಸು ಕಲಿತಿದ್ದಳು. ನಾನು ಶಿರ್ತಾಡಿಯಿಂದ ಎರಡು ಸೀರೆ, ಒಂದು ಕರಿಮಣಿ ಹಿಡಿದುಕೊಂಡು ಬಂದವಳು. ಅಕ್ಷರ ಕಲಿತದ್ದು ಎಷ್ಟೋ ವರ್ಷ ಕಳೆದ ಮೇಲೆ, ಅದೂ ಅರೆಬರೆ. ಯೋಚನೆ ಮಾಡುವಾಗ ಸರದ ಕೊಂಡಿಯನ್ನು ಹಲ್ಲಿನಲ್ಲಿ ಕಚ್ಚುವುದು ಅವಳ ಅಭ್ಯಾಸ. ಅತ್ತೆ ಬೈಯುತ್ತಿದ್ದರು, “ಚಿನ್ನ ತಿನ್ನಬೇಡ, ಗಂಜಿ ಉಂಟು, ಅದನ್ನು ತಿನ್ನು.” ಅವಳು ನಗುತ್ತಿದ್ದಳು. ಯಾವುದಕ್ಕೂ ಅವಳದ್ದು ಒಂದೇ ಮಾತು, “ನೋಡುವ.” ಬಂಗುಡೆ ಬೇಯಿಸಿದರೆ ತಲೆ ತನಗೆ, ನಡುತುಂಡು ನಮಗೆ ಬಡಿಸುತ್ತಿದ್ದಳು. ಅದನ್ನೂ ನಾನು ತೋರಿಕೆ ಅಂದುಕೊಂಡೆ. ಹೊಟ್ಟೆಕಿಚ್ಚು ಇದ್ದವಳಿಗೆ ನಡುತುಂಡಿನಲ್ಲೂ ಮುಳ್ಳೇ ಸಿಗುವುದು.

ನಯಾಪೈಸೆ ಹೊಸತಾಗಿ ಬಂದ ಕಾಲ. ನನ್ನ ಮಗಳಿಗೆ ಮೂರು ವರ್ಷ, ಅಕ್ಕನ ಮಗಳಿಗೆ ಎಂಟು. ನನಗೆ ಎಡಕಿವಿಯ ಕೆಳಗೆ ಒಂದು ಗಡ್ಡೆ ಎದ್ದಿತು. ಆಮೇಲೆ ದವಡೆಯ ಅಡಿಯಲ್ಲಿ ಇನ್ನೊಂದು. ಜ್ವರ ಇಲ್ಲ, ನೋವಿಲ್ಲ. ಉಪ್ಪಿನಕಾಯಿ ನೆಕ್ಕಿದರೆ ಮಾತ್ರ ಎರಡೂ ಬಿಗಿದು ಕಲ್ಲಾಗುತ್ತಿದ್ದವು. ಅತ್ತೆ ಮುಟ್ಟಿ ನೋಡಿ, “ಕೆಪ್ಪಟರಾಯ” ಅಂದರು. ಮಕ್ಕಳಿಗೆ ಕೆನ್ನೆ ಊದಿ ಬರುವ ಸೀಕು ಅದು. ನಮ್ಮ ಕಡೆ ಅದಕ್ಕೆ ಮದ್ದು ಚಿನ್ನ. ಕುತ್ತಿಗೆಗೆ ಚಿನ್ನದ ಸರ ಹಾಕಿದರೆ ಬಾವು ಇಳಿಯುತ್ತದೆ ಅಂತ ಎಲ್ಲರೂ ನಂಬಿದ್ದರು.

ಮನೆಯಲ್ಲಿ ಇದ್ದದ್ದು ಒಂದೇ ಸರ. ಅತ್ತೆ ಬಾಯಿ ಬಿಡುವ ಮೊದಲೇ ಅಕ್ಕ ಕೊಂಡಿ ಬಿಚ್ಚಿದಳು. “ಬಾ ಇಲ್ಲಿ,” ಅಂತ ನನ್ನ ಕುತ್ತಿಗೆಗೆ ಹಾಕಿದಳು. ಅವಳ ಮೈಯ ಬಿಸಿ ಇನ್ನೂ ಅದರಲ್ಲಿ ಇತ್ತು.

ಕೆಪ್ಪಟರಾಯ ಹತ್ತು ದಿನದಲ್ಲಿ ಇಳಿಯಬೇಕು. ಇಳಿಯಲಿಲ್ಲ. ಅತ್ತೆ ಕೇಳಿದರು, “ಕಡಿಮೆ ಉಂಟಾ?” ನಾನು ಹೇಳಿದೆ, “ಸ್ವಲ್ಪ ಮೆತ್ತಗಾಗಿದೆ.” ಸುಳ್ಳು. ಕಡಿಮೆ ಇಲ್ಲ ಅಂದರೆ ಚಿನ್ನ ಹಿಡಿಯಲಿಲ್ಲ ಅಂತ ಸರ ತೆಗೆಸಿಯಾರು, ಪೂರಾ ಇಳಿಯಿತು ಅಂದರೂ ತೆಗೆಸಿಯಾರು. ಅದಕ್ಕೆ ತಿಂಗಳು ತಿಂಗಳೂ ಅದೇ ಉತ್ತರ, ಸ್ವಲ್ಪ ಮೆತ್ತಗಾಗಿದೆ.

ಅಕ್ಕ ದಿನಾ ಬೆಳಿಗ್ಗೆ ಹಾಲು ಕರೆದು ಬಂದು ಹೆಬ್ಬೆರಳಿನಲ್ಲಿ ನನ್ನ ಗಡ್ಡೆ ಒತ್ತಿ ನೋಡುತ್ತಿದ್ದಳು. “ನೋಡುವ” ಅಂತ ಹೋಗುತ್ತಿದ್ದಳು. ಈ ನಡುವೆ ಬೆಳುವಾಯಿಯಲ್ಲಿ ಅವಳ ತಮ್ಮನ ಮದುವೆ ಬಂತು. ಅವಳು ಬರೀ ಕರಿಮಣಿಯಲ್ಲಿ ಹೋದಳು, ನಾನು ಸರ ಹಾಕಿ, ಸೆರಗಿನಲ್ಲಿ ಗಡ್ಡೆ ಮುಚ್ಚಿ ಹೋದೆ. ಅವಳ ಅತ್ತಿಗೆ ಕೇಳಿದಳು, “ಸರ ಎಲ್ಲಿ?” ಅಕ್ಕ ಹೇಳಿದಳು, “ಸೆಕೆಗೆ ತುರಿಸ್ತದೆ ಮಾರಾಯ್ತಿ, ತೆಗೆದಿಟ್ಟೆ.” ನಾನು ಪಕ್ಕದಲ್ಲೇ ಇದ್ದೆ. ಚಿನ್ನ ನನ್ನ ಮೈಮೇಲೆ, ಆದರೂ ಜನ ನೋಡಿದ್ದು ಅವಳನ್ನೇ. ಚಿನ್ನವಿಲ್ಲದ ಕುತ್ತಿಗೆಯಲ್ಲೂ ಚಂದ ಕಂಡಳು. ಅದಕ್ಕೂ ನನ್ನ ಹೊಟ್ಟೆ ಉರಿಯಿತು.

ನಾಲ್ಕನೇ ತಿಂಗಳು. ಕಡೆಯುವ ಕಲ್ಲಿನ ಹತ್ತಿರ ಇಬ್ಬರೇ ಇದ್ದೆವು. ಅವಳು ಗಡ್ಡೆ ಒತ್ತಿ ನೋಡಿದಳು. ಈ ಸಲ “ನೋಡುವ” ಅನ್ನಲಿಲ್ಲ.

“ನಿನಗೆ ಸರ ಬೇಕಾದ್ರೆ ಸರ ಇಟ್ಟುಕೊ. ಗಡ್ಡೆ ಯಾಕೆ ಇಟ್ಟುಕೊಳ್ತಿ?”

“ಯಾರು ಹೇಳಿದ್ದು ನನಗೆ ಸರ ಬೇಕು ಅಂತ?”

“ಯಾರು ಹೇಳ್ಬೇಕು? ನೀರಿಗೆ ಹೋದವಳು ಬಾವಿಗೆ ಬಗ್ಗಿ ನೋಡಿಕೊಳ್ತಿ. ಗಡ್ಡೆ ನೋಡುವವಳು ಮುಖ ಓರೆ ಮಾಡ್ತಾಳೆ. ನೀನು ನೆಟ್ಟಗೆ ನೋಡ್ತಿ.”

ನಾನು ಸೆರಗು ಎಳೆದು ಗಡ್ಡೆ ಮುಚ್ಚಿಕೊಂಡೆ. “ನಾಳೆ ಬಂಟ್ವಾಳಕ್ಕೆ ಹೋಗುವ,” ಅಂದಳು.

ಬಂಟ್ವಾಳದ ಡಾಕ್ಟರು ಮುಟ್ಟಿ ನೋಡಿ, ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮಂಗಳೂರಿಗೆ ನನ್ನ ಗಂಡನೂ ಬಂದಿದ್ದರು. ಒಳಗೆ ಬರಲು ಹೆದರಿ ಗೇಟಿನ ಹೊರಗೆ ಬೀಡಿ ಸೇದುತ್ತಾ ನಿಂತರು. ಒಳಗೆ ಬಂದವಳು ಅಕ್ಕ.

“ಇದು ಕೆಪ್ಪಟರಾಯ ಅಲ್ಲ,” ಅಂದರು ಅಲ್ಲಿಯ ಡಾಕ್ಟರು. “ಬಾಯಿಗೆ ಉಗುಳು ಬರುವ ಗ್ರಂಥಿ ಇದು. ಯಾಕೆ ಗಡ್ಡೆ ಕಟ್ಟಿದೆ ಅಂತ ಈಗ ಹೇಳಲಿಕ್ಕೆ ಆಗುವುದಿಲ್ಲ. ಒಂದು ಚೂರು ತೆಗೆದು ಮದ್ರಾಸಿಗೆ ಕಳಿಸ್ತೇವೆ. ಒಂದು ತಿಂಗಳು ಬಿಟ್ಟು ಬನ್ನಿ.”

“ಕೆಟ್ಟ ಗಡ್ಡೆಯಾ?” ಅಕ್ಕ ಕೇಳಿದಳು.

“ಕಾಗದ ಬರಲಿ ಅಮ್ಮ.”

ಹಿಂದೆ ಬರುವಾಗ ಬಸ್ಸಿನಲ್ಲಿ ನಾನು ಸರಕ್ಕೆ ಕೈ ಹಾಕಿದೆ. “ಕೆಪ್ಪಟರಾಯ ಅಲ್ಲ ಅಂತಲ್ಲ. ತೆಗೆದುಕೊಳ್ಳಿ.” ಅವಳು ನನ್ನ ಕೈ ಕೆಳಗಿಟ್ಟಳು. “ಕಾಗದ ಬರುವವರೆಗೆ ಇರ್ಲಿ.”

ಆ ಒಂದು ತಿಂಗಳು ಆ ಸರ ನನಗೆ ಹೆಣಕ್ಕೆ ಮಾಡಿದ ಸಿಂಗಾರದ ಹಾಗೆ ಕಂಡಿತು. ಇವಳು ಸಾಯುತ್ತಾಳೆ, ಅಲ್ಲಿಯವರೆಗೆ ಹಾಕಿಕೊಳ್ಳಲಿ ಅಂತ ಬಿಟ್ಟಿದ್ದಾಳೆ ಅಂದುಕೊಂಡೆ. ಅವಳು ನನಗೆ ಹುಳಿ ಇಲ್ಲದ ಸಾರು ಬೇರೆ ಮಾಡಿ ಇಡುತ್ತಿದ್ದಳು. ಸುಮ್ಮನೆ ತಿಂದೆ, ಒಂದು ಒಳ್ಳೆಯ ಮಾತು ಹೇಳಲಿಲ್ಲ. ನನ್ನ ಮಗಳು ಅವಳ ಕೈತುತ್ತನ್ನೇ ತಿನ್ನುತ್ತಿದ್ದಳು, ಅವಳ ಪಕ್ಕದಲ್ಲೇ ಮಲಗುತ್ತಿದ್ದಳು. ಸರ ಅವಳದ್ದು, ಇನ್ನು ಮಗಳೂ ಅವಳದ್ದೇ ಆಗುವುದು. ಸಾಯುವ ಹೆದರಿಕೆಗಿಂತ ಇದೇ ನನ್ನನ್ನು ಹೆಚ್ಚು ತಿಂದದ್ದು.

ಒಂದು ದಿನ ಹೇಳಿಯೇ ಬಿಟ್ಟೆ. “ನಾನು ಸತ್ತರೆ ಅವಳು ನಿಮ್ಮನ್ನು ಅಮ್ಮ ಅಂತ ಕರೀಬಾರ್ದು.”

ಅಕ್ಕ ಗಂಜಿಯ ಬಟ್ಟಲು ನನ್ನ ಮುಂದೆ ಇಟ್ಟಳು. “ದೊಡ್ಡಮ್ಮ ಅಂತಲೇ ಕರೀತಾಳೆ. ನಾನು ಕಲಿಸ್ತೇನೆ. ಈಗ ಕುಡಿ, ತಣ್ಣಗಾಗ್ತದೆ.”

ತಿಂಗಳು ಕಳೆದು ಮತ್ತೆ ಹೋದೆವು. ಬೆಂಚಿನಲ್ಲಿ ನನ್ನನ್ನು ಕೂರಿಸಿ ಅವಳೊಬ್ಬಳೇ ಡಾಕ್ಟರ ಕೋಣೆಗೆ ಹೋದಳು. ಸುಮಾರು ಹೊತ್ತಿನ ಮೇಲೆ ಹೊರಗೆ ಬಂದಳು. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ನನ್ನ ಹಿಂದೆ ಬಂದು ನಿಂತು, ಜಡೆ ಸರಿಸಿ, ಸರದ ಕೊಂಡಿ ಬಿಚ್ಚಿದಳು. ಅಲ್ಲೇ, ಅಷ್ಟು ಜನರ ಎದುರು, ತನ್ನ ಕುತ್ತಿಗೆಗೆ ಹಾಕಿಕೊಂಡಳು. ಅದು ಹೋಗಿ ಆ ಕಪ್ಪು ಗೆರೆಯಲ್ಲಿ ಕೂತಿತು.

“ಕೆಟ್ಟದ್ದಲ್ಲ,” ಅಂದಳು. “ಕೊಯ್ದು ತೆಗೀಬೇಕಂತೆ, ಅಷ್ಟೇ. ಇನ್ನು ಇದು ನನ್ನದು.”

ನಾನು ಅತ್ತುಬಿಟ್ಟೆ. ಬದುಕಿದೆ ಅಂತ ಅತ್ತದ್ದು, ಸರ ಹೋಯಿತು ಅಂತಲೂ ಅತ್ತದ್ದು. ಅವಳಿಗೆ ಎರಡೂ ಗೊತ್ತಿತ್ತು. “ಸಾಕು ಮಾರಾಯ್ತಿ, ಹೊರಗೆ ನಿನ್ನ ಗಂಡನ ಬೀಡಿ ಕಟ್ಟು ಮುಗಿದೀತು,” ಅಂದಳು.

ಗಡ್ಡೆ ಕೊಯ್ದ ಮೇಲೆ ನನ್ನ ಎಡತುಟಿ ಸ್ವಲ್ಪ ಕೆಳಗೆ ಬಿತ್ತು. ಹಾಗಾದೀತು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಈಗಲೂ ನಕ್ಕರೆ ಅರ್ಧವೇ ನಗುವುದು. ಮೊದಲೇನು ಪೂರಾ ನಗುತ್ತಿದ್ದೆನಾ?

ಮತ್ತೆ ಹತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದೆವು. ಸರದ ಮಾತು ಅವಳು ಒಮ್ಮೆಯೂ ಯಾರ ಹತ್ತಿರವೂ ಎತ್ತಲಿಲ್ಲ. ಎತ್ತಿದ್ದರೆ ಜಗಳ ಮಾಡಬಹುದಿತ್ತು. ಆ ಸುಖವನ್ನೂ ಕೊಡಲಿಲ್ಲ. ತನ್ನ ಮಗಳನ್ನು ಬೆಳ್ತಂಗಡಿ ಕಡೆಗೆ ಮದುವೆ ಮಾಡಿ ಕೊಡುವಾಗ ಸರ ಅವಳಿಗೆ ಹಾಕಿದಳು. ಅದೇ ಹೊತ್ತಿಗೆ ನಾನು ಬೀಡಿ ಕಟ್ಟಿ ಕಟ್ಟಿ ಒಂದು ಸರ ಮಾಡಿಸಿಕೊಂಡೆ. ಒಂದೆಳೆಯದ್ದು.

ಅವಳು ಸೀಕಾಗಿ ಮಲಗಿದ್ದು ಒಂದು ಆಟಿ ತಿಂಗಳಿನ ಜಡಿಮಳೆಯಲ್ಲಿ. ಜ್ವರ ಇಳಿಯಲೇ ಇಲ್ಲ. ಕುತ್ತಿಗೆಯಲ್ಲಿ ಕರಿಮಣಿ ಬಿಟ್ಟರೆ ಆ ಗೆರೆ ಮಾತ್ರ ಇತ್ತು. ನೋಡಿ ನೋಡಿ ಸಾಕಾಗಿ ನನ್ನ ಸರ ಬಿಚ್ಚಿ ಅವಳಿಗೆ ಹಾಕಿದೆ. ಕಣ್ಣು ಬಿಟ್ಟು ಬೆರಳಿನಲ್ಲಿ ಮುಟ್ಟಿ ನೋಡಿದಳು.

“ನನಗೆ ಗಡ್ಡೆ ಎಲ್ಲಿ ಉಂಟು?”

“ಇಲ್ಲ. ಸುಮ್ಮನೆ ಇರ್ಲಿ.”

“ಸಪೂರ ಆಯ್ತು ಮಾರಾಯ್ತಿ,” ಅಂದಳು. ಕೊಂಡಿ ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡಳು.

ಎರಡು ದಿನದ ಮೇಲೆ ತೀರಿಕೊಂಡಳು. ಮೀಯಿಸುವ ಮೊದಲು ಸರ ತೆಗೆದು ನನ್ನ ಕೈಗೆ ಕೊಟ್ಟರು. ತೊಳೆದು ಹಾಕಿಕೊಂಡೆ. ಅಂದಿನಿಂದ ತೆಗೆದಿಲ್ಲ. ಇಷ್ಟು ವರ್ಷವಾದರೂ ನನ್ನ ಕುತ್ತಿಗೆಯಲ್ಲಿ ಗೆರೆ ಬಿದ್ದಿಲ್ಲ. ಸಪೂರವೇ ಅದು. ಅವಳು ಹೇಳಿದ್ದು ಸರಿ.